ಗೇಮ್ ಇನ್‌ಸ್ಟಾಲರ್ ಒಳಗೆ ಬೇರೆ ಕಂಪನಿ ಕ್ಲೈಂಟ್ ಸೇರಿಸೋದು: ಟಿಕ್ ಹಾಕಿ ಕೊಡೋದಾ, ಖಾಲಿ ಬಿಡೋದಾ, ಬೇಡವೇ ಬೇಡವಾ?

ಕುವೆಂಪುನಗರ_ಪಗಡೆ

ಎಲ್ಲರಿಗೂ ನಮಸ್ಕಾರ. ಮೈಸೂರಿನ ಮೂರು ಜನರ ಟೀಮ್ ನಮ್ಮದು. ಚೌಕಾಬಾರ, ಅಳಗುಳಿಮನೆ, ಆಡು-ಹುಲಿ ಮೂರೂ ಇರೋ ವಿಂಡೋಸ್ ಗೇಮ್ ದಸರಾ ಹೊತ್ತಿಗೆ ಬಿಡೋ ಪ್ಲಾನ್ ಇದೆ. ಬೆಲೆ ಜಿಎಸ್‌ಟಿ ಸೇರಿ 249 ರೂಪಾಯಿ. ನಮ್ಮ ಸೈಟಿಂದಲೇ ಡೌನ್‌ಲೋಡ್, ಸೈಜು 340 ಎಂಬಿ. ಗೇಮ್ ಮಾಡಿರೋದು ಯೂನಿಟಿ ಎಂಜಿನ್‌ನಲ್ಲಿ, ಇನ್‌ಸ್ಟಾಲರ್ ಕಟ್ಟಿರೋದು ಇನ್ನೋ ಸೆಟಪ್ ಅನ್ನೋ ಟೂಲ್‌ನಲ್ಲಿ.

ಒಂದು ಡಿಸ್ಟ್ರಿಬ್ಯೂಷನ್ ಕಂಪನಿಯವರು ತಮ್ಮ ಕ್ಲೈಂಟನ್ನು (ಗೇಮ್‌ಗಳ ಡೌನ್‌ಲೋಡ್, ಅಪ್‌ಡೇಟ್ ನೋಡ್ಕೊಳ್ಳೋ ಅವರ ಪ್ರೋಗ್ರಾಮ್) ನಮ್ಮ ಇನ್‌ಸ್ಟಾಲರ್ ಜೊತೆ ಕೊಟ್ಟರೆ, ಅದು ಇನ್‌ಸ್ಟಾಲ್ ಆದ ಪ್ರತಿ ಮೆಷಿನ್‌ಗೆ 12 ರೂಪಾಯಿ ಕೊಡ್ತೀವಿ ಅಂದಿದ್ದಾರೆ. ಕ್ಲೈಂಟ್ 160 ಎಂಬಿ. ಕ್ಲೌಡ್ ಸೇವ್, ಆಟೋ ಅಪ್‌ಡೇಟ್, ಫ್ರೆಂಡ್ಸ್ ಲಿಸ್ಟ್ ಅದರಲ್ಲಿದೆ. ಅದಿಲ್ಲದೆಯೂ ಗೇಮ್ ಪೂರ್ತಿ ಆಡಬಹುದು. ಅವರು ಕಳಿಸಿದ ಸ್ಯಾಂಪಲ್ ಸ್ಕ್ರಿಪ್ಟ್‌ನಲ್ಲಿ ಕ್ಲೈಂಟ್ ಮುಂದೆ ಟಿಕ್ ಮೊದಲೇ ಬಿದ್ದಿದೆ. ಬೇಡದವರು ತೆಗೀತಾರೆ ಬಿಡಿ ಅಂತಾರೆ.

ಇದನ್ನು ಒಪ್ಪೋದು ಸರಿಯಾ? ಒಪ್ಪಿದರೆ ಇನ್‌ಸ್ಟಾಲರ್‌ನಲ್ಲಿ ಎಲ್ಲೆಲ್ಲಿ ಹುಷಾರಾಗಿರಬೇಕು? ಬೀಟಾ ಬಿಲ್ಡ್ (ರಿಲೀಸ್‌ಗೆ ಮುಂಚಿನ ಪರೀಕ್ಷೆಯ ಆವೃತ್ತಿ) ಆಗಲೇ ಒಂದಷ್ಟು ಜನರ ಕೈಯಲ್ಲಿದೆ, ಅದರಲ್ಲಿ ಅವರ ಸ್ಕ್ರಿಪ್ಟೇ ಇರೋದು.

ಬಿಲ್ಡ್_ಮೇಷ್ಟ್ರು

ಮೊದಲು ದುಡ್ಡಿನ ಲೆಕ್ಕ ಹಾಕಿ, ಆಮೇಲೆ ಮಿಕ್ಕಿದ್ದು ಮಾತಾಡೋಣ.

249ರಲ್ಲಿ 18% ಜಿಎಸ್‌ಟಿ ತೆಗೆದರೆ ನಿಮ್ಮ ಕೈಗೆ 211 ರೂಪಾಯಿ. ಟಿಕ್ ಮೊದಲೇ ಹಾಕಿದ್ದು, ನೂರರಲ್ಲಿ 60 ಜನ ಓದದೆ ನೆಕ್ಸ್ಟ್ ಒತ್ತಿದರು ಅಂತ ಇಟ್ಕೊಳ್ಳಿ. ಒಂದು ಮಾರಾಟಕ್ಕೆ ಸರಾಸರಿ 7 ರೂಪಾಯಿ 20 ಪೈಸೆ ಬಂತು. 211ನ್ನು 7.20ರಿಂದ ಭಾಗಿಸಿ, 29 ಚಿಲ್ಲರೆ ಬರುತ್ತೆ. ಅಂದರೆ 29 ಜನರಲ್ಲಿ ಒಬ್ಬ "ಕೇಳದೇ ಇರೋದನ್ನ ಹಾಕಿದ್ದೀರಿ" ಅಂತ ದುಡ್ಡು ವಾಪಸ್ ಕೇಳಿದರೂ ಈ ಆದಾಯ ಅಲ್ಲಿಗೆ ಸೊನ್ನೆ. ಪೇಮೆಂಟ್ ಗೇಟ್‌ವೇ ಚಾರ್ಜು, ಸಪೋರ್ಟ್ ಮೇಲ್‌ಗೆ ಉತ್ತರ ಬರೆಯೋ ಸಮಯ ಇದರಲ್ಲಿ ಸೇರಿಲ್ಲ.

ಈಗ ಟಿಕ್ ಖಾಲಿ ಬಿಟ್ಟು ಅದೇ ಲೆಕ್ಕ ಹಾಕಿ. ನೂರಕ್ಕೆ 5 ಜನ ತಾವಾಗಿ ಟಿಕ್ ಹಾಕಿದರೂ ಒಂದು ಮಾರಾಟಕ್ಕೆ ಸಿಗೋದು 60 ಪೈಸೆ. ಅವರು 12 ರೂಪಾಯಿ ಕೊಡ್ತಿರೋದು ಯಾತಕ್ಕೆ ಅಂತ ಇಲ್ಲಿ ಗೊತ್ತಾಗುತ್ತೆ: ಜನ ಗಮನಿಸದೆ ಬಿಡೋದಕ್ಕೆ. ನಮ್ಮ ಕಡೆ ಯೂರಿಯಾ ಕೇಳಿದರೆ ಜೊತೆಗೊಂದು ಬೇಡದ ಬಾಟಲಿ ತಗೊಳ್ಳಲೇಬೇಕು ಅನ್ನೋ ಲಿಂಕ್ ಗೊಬ್ಬರದ ವ್ಯಾಪಾರ ಇದೆಯಲ್ಲ, ಅದರ ತಮ್ಮ ಇದು. ರೈತನಿಗೆ ಬೇರೆ ಅಂಗಡಿ ಹತ್ತಿರದಲ್ಲಿ ಇಲ್ಲದೇ ಇರಬಹುದು, ನಿಮ್ಮ ಗಿರಾಕಿಗೆ ಬೇಕಾದಷ್ಟಿದೆ.

ಹಳೇ ಉದಾಹರಣೆಗಳೂ ಇವೆ. ಸೋರ್ಸ್‌ಫೋರ್ಜ್ ಅನ್ನೋ ಸಾಫ್ಟ್‌ವೇರ್ ಡೌನ್‌ಲೋಡ್ ಸೈಟು 2013ರಲ್ಲಿ ಇನ್‌ಸ್ಟಾಲರ್‌ಗಳಿಗೆ ಬೇರೆಯವರ ಆಫರ್ ಸೇರಿಸೋ ಸ್ಕೀಮ್ ತಂತು. ಫೋಟೋ ಎಡಿಟ್ ಮಾಡೋ ಸಾಫ್ಟ್‌ವೇರ್ ಜಿಂಪ್‌ನವರು ಅದೇ ವರ್ಷ ನವೆಂಬರ್‌ನಲ್ಲಿ ತಮ್ಮ ವಿಂಡೋಸ್ ಡೌನ್‌ಲೋಡ್ ಅಲ್ಲಿಂದ ಎತ್ತಿಕೊಂಡು ಹೋದರು. 2016ರಲ್ಲಿ ಸೈಟು ಬೇರೆಯವರ ಕೈಗೆ ಬಂದಾಗ ಹೊಸಬರು ಮೊದಲು ನಿಲ್ಲಿಸಿದ್ದೇ ಆ ಸ್ಕೀಮ್. ಆದರೂ ಸೋರ್ಸ್‌ಫೋರ್ಜ್ ಅಂದರೆ ಇವತ್ತಿಗೂ ಒಂದಷ್ಟು ಜನ ಮೂಗು ಮುರೀತಾರೆ.

ಎಚ್‌ಡಿಕೋಟೆ_ಪಿಕ್ಸೆಲ್

ಮೇಷ್ಟ್ರೇ, ಸ್ಟೀಮ್‌ನಲ್ಲಿ ಕ್ಲೈಂಟ್ ಕಡ್ಡಾಯ ಅಲ್ವಾ? ಅದಿಲ್ಲದೆ ಗೇಮ್ ಡೌನ್‌ಲೋಡೇ ಆಗಲ್ಲ. ಜನ ಬೈಕೊಂಡು ಹೋಗ್ತಾ ಇಲ್ವಲ್ಲ. ಇವರದು ಬೇಕಾದ್ರೆ ತಗೊಳ್ಳಿ ಅನ್ನೋ ಥರದ್ದು, ಇಷ್ಟು ದೊಡ್ಡದು ಮಾಡಬೇಕಾ?

ಬಿಲ್ಡ್_ಮೇಷ್ಟ್ರು

ಸ್ಟೀಮ್‌ನಲ್ಲಿ ಕ್ಲೈಂಟೇ ಅಂಗಡಿ. ದುಡ್ಡು ಕೊಡೋ ಮೊದಲೇ ಗಿರಾಕಿಗೆ ಅದು ಗೊತ್ತು. ಬೇರೆ ಕಂಪನಿ ಅಕೌಂಟ್ ಬೇಕಾದ ಗೇಮ್‌ಗೆ ಸ್ಟೋರ್ ಪೇಜ್‌ನಲ್ಲೇ ಸೂಚನೆ ಇರುತ್ತೆ. ಎರಡು ಗಂಟೆಗಿಂತ ಕಡಿಮೆ ಆಡಿ, ಕೊಂಡು 14 ದಿನದೊಳಗೆ ಕೇಳಿದರೆ ರೀಫಂಡ್ ಕೂಡ ಇದೆ. ಸಿಟ್ಟು ಬರೋದು ಷರತ್ತು ತಡವಾಗಿ ಬಂದಾಗ. ಹೆಲ್‌ಡೈವರ್ಸ್ 2 ಗೇಮ್ ನೋಡಿ: 2024ರ ಫೆಬ್ರವರಿಯಲ್ಲಿ ಬಂತು, ಮೇ ತಿಂಗಳಲ್ಲಿ ಸೋನಿಯವರು ಪಿಸಿಯಲ್ಲಿ ಆಡೋರೂ ಪಿಎಸ್‌ಎನ್ (ಪ್ಲೇಸ್ಟೇಷನ್ ನೆಟ್‌ವರ್ಕ್) ಅಕೌಂಟ್ ಜೋಡಿಸಲೇಬೇಕು ಅಂದರು. ಸ್ಟೋರ್ ಪೇಜ್‌ನಲ್ಲಿ ಅದು ಮೊದಲಿಂದ ಬರೆದಿತ್ತು, ಆದರೆ ಅಲ್ಲಿವರೆಗೆ ಅಕೌಂಟ್ ಇಲ್ಲದೆ ಆಡೋಕೆ ಬಿಟ್ಟಿದ್ದರು. ಸ್ಟೀಮ್ ತುಂಬ ನೆಗೆಟಿವ್ ರಿವ್ಯೂ ಬಿತ್ತು, ಕೆಲವೇ ದಿನದಲ್ಲಿ ಸೋನಿ ಹಿಂದೆ ಸರೀತು.

ಇನ್ನೊಂದು ಕಡೆ ಜಿಒಜಿ ಅನ್ನೋ ಗೇಮ್ ಅಂಗಡಿ ಇದೆ. ಗ್ಯಾಲಕ್ಸಿ ಕ್ಲೈಂಟ್ ಬೇಕಾದವರಿಗೆ ಅದು, ಬೇಡದವರಿಗೆ ಆಫ್‌ಲೈನ್ ಇನ್‌ಸ್ಟಾಲರ್. ಅಲ್ಲಿಗೆ ಹೋಗೋ ಗಿರಾಕಿ ಆ ಆಯ್ಕೆಗೆ ಅಂತಲೇ ಹೋಗೋದು. ಪಗಡೆಯವರು ಸ್ವಂತ ಸೈಟಿಂದ ನೇರ ಫೈಲ್ ಮಾರ್ತಿದ್ದಾರೆ, ಅವರ ಗಿರಾಕಿಯ ನಿರೀಕ್ಷೆಯೂ ಈ ಎರಡನೇ ಥರದ್ದೇ.

ಕಾವೇರಿ_ಚೆಕ್‌ಸಮ್

ಟಿಕ್ ಖಾಲಿ ಬಿಟ್ಟರೂ ಒಂದು ತೊಂದರೆ ಉಳಿಯುತ್ತೆ, ಯಾರೂ ಹೇಳಿಲ್ಲ.

ವಿಂಡೋಸ್‌ನ ಆ್ಯಂಟಿವೈರಸ್ ಮೈಕ್ರೋಸಾಫ್ಟ್ ಡಿಫೆಂಡರ್‌ನಲ್ಲಿ "ಬಹುಶಃ ಬೇಡವಾದ ಆ್ಯಪ್" ಅನ್ನೋ ವರ್ಗ ಇದೆ. ಅದರ ಮಾನದಂಡಗಳಲ್ಲಿ ಬಂಡ್ಲಿಂಗ್ ಸಾಫ್ಟ್‌ವೇರ್ ಒಂದು. ಅದೇ ಸಂಸ್ಥೆಯದಲ್ಲದ ಇನ್ನೊಂದು ಸಾಫ್ಟ್‌ವೇರ್ ಹಾಕಿಕೊಳ್ಳಿ ಅಂತ ಆಫರ್ ಮಾಡಿದರೇ ಸಾಕು ಆ ವಿವರಣೆಗೆ ಬೀಳೋಕೆ, ಟಿಕ್ ಇದೆಯೋ ಇಲ್ಲವೋ ಆಮೇಲಿನ ಮಾತು. ಪ್ರತಿ ಬಂಡಲ್ಲನ್ನೂ ತಡೀತಾರೆ ಅಂತ ಅಲ್ಲ, ಆದರೆ ಒಂದು ಸಲ ನಿಮ್ಮ ಇನ್‌ಸ್ಟಾಲರ್‌ಗೆ ಆ ಹಣೆಪಟ್ಟಿ ಬಿದ್ದರೆ ಗಿರಾಕಿ ನೋಡೋದು ನಿಮ್ಮ ಗೇಮ್ ಹೆಸರನ್ನ, ಕ್ಲೈಂಟ್ ಕಂಪನಿ ಹೆಸರನ್ನಲ್ಲ. ಮೈಕ್ರೋಸಾಫ್ಟ್‌ನ ಫೈಲ್ ಸಲ್ಲಿಕೆ ಪೇಜ್‌ನಲ್ಲಿ ತಕರಾರು ಹಾಕಬಹುದು. ಉತ್ತರ ಬರೋವರೆಗೆ ದಸರಾ ಸೇಲ್ ಕಾಯಲ್ಲ.

ಸ್ಮಾರ್ಟ್‌ಸ್ಕ್ರೀನ್ (ಗೊತ್ತಿಲ್ಲದ ಫೈಲ್ ಓಡಿಸುವಾಗ ವಿಂಡೋಸ್ ಕೊಡೋ ಎಚ್ಚರಿಕೆ) ಇನ್ನೊಂದು. ಅದು ಡಿಜಿಟಲ್ ಸಹಿಯ ಸರ್ಟಿಫಿಕೇಟನ್ನೂ ಫೈಲಿನ ಹ್ಯಾಶನ್ನೂ (ಫೈಲಿನ ಬೆರಳಚ್ಚು ಥರದ ಸಂಕೇತ) ನೋಡಿ ಯೋಗ್ಯತೆ ಅಳೆಯುತ್ತೆ. ಕ್ಲೈಂಟನ್ನು ಒಳಗೇ ತುಂಬಿದರೆ, ಅವರು ಹೊಸ ವರ್ಷನ್ ಬಿಟ್ಟಾಗಲೆಲ್ಲ ನೀವು ಇನ್‌ಸ್ಟಾಲರ್ ಮತ್ತೆ ಕಟ್ಟಬೇಕು, ಹ್ಯಾಶ್ ಬದಲಾಗುತ್ತೆ, ಆ ಫೈಲಿನ ಡೌನ್‌ಲೋಡ್ ಚರಿತ್ರೆ ಸೊನ್ನೆಯಿಂದ ಶುರು. ಕಟ್ಟದೇ ಬಿಟ್ಟರೆ ಹಳೇ ಕ್ಲೈಂಟು, ಅದರ ತೂತುಗಳ ಸಮೇತ, ನಿಮ್ಮ ಸಹಿಯಡಿ ಹೋಗ್ತಾ ಇರುತ್ತೆ.

ಇನ್‌ಸ್ಟಾಲ್ ಹೊತ್ತಿಗೆ ಡೌನ್‌ಲೋಡ್ ಮಾಡಿಸ್ತೀನಿ ಅಂದರೆ ಇನ್ನೋ ಸೆಟಪ್ 6.1ರಿಂದ ಡೌನ್‌ಲೋಡ್ ಪೇಜ್ ಒಳಗೇ ಬರುತ್ತೆ, ಎಸ್‌ಎಚ್‌ಎ-256 ಹ್ಯಾಶ್ ತಾಳೆ ನೋಡೋಕೂ ಆಗುತ್ತೆ. ಇಲ್ಲಿ ಕೆಡೋದು ಹೀಗೆ: ಅವರು ಅದೇ ಲಿಂಕ್‌ನಲ್ಲಿ ಹೊಸ ಫೈಲ್ ಇಟ್ಟಿರ್ತಾರೆ, ನಿಮ್ಮ ಸ್ಕ್ರಿಪ್ಟ್‌ನಲ್ಲಿ ಹಳೇ ಹ್ಯಾಶ್ ಇರುತ್ತೆ, ತಾಳೆಯಾಗಲ್ಲ, ಎರರ್ ಎಸೆದು ಗೇಮ್ ಇನ್‌ಸ್ಟಾಲೇ ನಿಂತುಬಿಡುತ್ತೆ. ಡೌನ್‌ಲೋಡ್ ಕರೆಯನ್ನು ಎರರ್ ಹಿಡಿಯೋ ಟ್ರೈ-ಎಕ್ಸೆಪ್ಟ್ ಒಳಗಿಡಿ. ಕ್ಲೈಂಟ್ ಬರದಿದ್ದರೆ ಲಾಗ್‌ಗೆ ಬರೆದು ಮುಂದೆ ಹೋಗಬೇಕು. ಹ್ಯಾಶ್ ತಾಳೆಯನ್ನೇ ತೆಗೆದುಹಾಕೋ ಶಾರ್ಟ್‌ಕಟ್ ಮಾತ್ರ ಬೇಡ.

ನನ್ನ ಕೇಳಿದರೆ ಎರಡು ಬೇರೆ ಫೈಲ್. ಗೇಮ್ ಇನ್‌ಸ್ಟಾಲರ್‌ನಲ್ಲಿ ಗೇಮ್ ಅಷ್ಟೇ. ಡೌನ್‌ಲೋಡ್ ಪೇಜ್‌ನಲ್ಲಿ ಅದರ ಕೆಳಗೆ ಕ್ಲೈಂಟ್‌ಗೆ ಒಂದು ಲಿಂಕ್, ಯಾರದು, ಎಷ್ಟು ಎಂಬಿ, ಏನು ಮಾಡುತ್ತೆ ಅಂತ ಎರಡು ಸಾಲು. ನಿಮ್ಮ ರೆಫರಲ್ ಕೋಡ್ ಆ ಲಿಂಕ್‌ನಲ್ಲೇ ಇರಲಿ, ಕಮಿಷನ್ ಅಲ್ಲಿಂದಲೂ ಲೆಕ್ಕ ಹಾಕಬಹುದು. ಅವರು ಒಪ್ಪಲ್ಲ ಅಂದರೆ ಮೇಷ್ಟ್ರು ಹೇಳಿದ್ದು ನಿಜ ಅಂತಾಯ್ತು.

ಸಕ್ಕರೆನಾಡು_ಲ್ಯಾಬ್

ಮಂಡ್ಯ, ಮದ್ದೂರು ಕಡೆ ಸ್ಕೂಲ್ ಲ್ಯಾಬು, ಸೈಬರ್ ಸೆಂಟರ್‌ಗೂ ಮಾರೋ ಯೋಚನೆ ಇದ್ರೆ ಇದನ್ನೂ ಓದ್ಕಳಿ ಸ್ವಾಮಿ.

ಲ್ಯಾಬ್‌ನಲ್ಲಿ ಯಾರೂ 20 ಮೆಷಿನ್ ಮುಂದೆ ಕೂತು ನೆಕ್ಸ್ಟ್ ನೆಕ್ಸ್ಟ್ ಒತ್ತಲ್ಲ. ಸೈಲೆಂಟ್ ಸ್ವಿಚ್ ಕೊಟ್ಟು ಓಡಿಸ್ತಾರೆ. ಆಗ ಯಾವ ಪೇಜೂ ಕಾಣ್ಸಲ್ಲ, ಸ್ಕ್ರಿಪ್ಟ್‌ನಲ್ಲಿ ಟಿಕ್ ಡಿಫಾಲ್ಟ್ ಆಗಿದ್ರೆ ಕ್ಲೈಂಟ್ 20ರಲ್ಲೂ ಕೂತ್ಕಬುಡ್ತದೆ. "ಬೇಡದವರು ತೆಗೀತಾರೆ" ಅನ್ನೋ ಮಾತು ಇಲ್ಲಿ ನಡೆಯಾಕಿಲ್ಲ, ತೆಗೆಯಾಕೆ ತೋರ್ಸಿದ್ರೆ ತಾನೆ! ಡೌನ್‌ಲೋಡ್ ಮಾಡಿಸೋ ಥರ ಇದ್ರೆ 160 ಎಂಬಿ ಇಂಟು 20, ಅಂದ್ರೆ 3.2 ಜಿಬಿ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ದಿನಕ್ಕೆ ಒಂದೂವರೆ, ಎರಡು ಜಿಬಿ ಪ್ಯಾಕ್ ಇಟ್ಕಂಡಿರೋರ ಡೇಟಾ ಮಧ್ಯಾಹ್ನಕ್ಕೇ ಖಾಲಿ.

ಇನ್ನೋ ಸ್ಕ್ರಿಪ್ಟ್‌ನ ರನ್ ಸೆಕ್ಷನ್‌ನಲ್ಲಿ ಪೋಸ್ಟ್‌ಇನ್‌ಸ್ಟಾಲ್ ಅಂತ ಹಾಕಿ "ಕ್ಲೈಂಟ್ ಈಗಲೇ ತೆರೆಯಿರಿ" ಅನ್ನೋ ಟಿಕ್ ಕೊಡ್ತಾರಲ್ಲ, ಅದಕ್ಕೆ ಸ್ಕಿಪ್‌ಇಫ್‌ಸೈಲೆಂಟ್ ಫ್ಲ್ಯಾಗ್ ಕೂಡ ಸೇರ್ಸಿ. ಇಲ್ದಿದ್ರೆ ಸೈಲೆಂಟ್‌ನಲ್ಲೂ ಅದು ಓಡ್ತದೆ.

ಅಡ್ಮಿನ್ ಪಾಸ್‌ವರ್ಡ್ ವಿಷ್ಯ ಬೇರೆ ಇದೆ. ಹುಡುಗ್ರು ಸಾಧಾರಣ ಅಕೌಂಟ್‌ನಲ್ಲಿ ಇರ್ತಾರೆ, ಇನ್‌ಸ್ಟಾಲ್ ಹೊತ್ಗೆ ಮೇಷ್ಟ್ರು ಬಂದು ಅಡ್ಮಿನ್ ಪಾಸ್‌ವರ್ಡ್ ಹೊಡೀತಾರೆ. ಅಲ್ಲಿಂದ ಮುಂದೆ ಇನ್‌ಸ್ಟಾಲರ್ ಓಡೋದು ಅಡ್ಮಿನ್ ಅಕೌಂಟಲ್ಲಿ. ಅದು ಎಬ್ಬಿಸಿದ ಕ್ಲೈಂಟ್ ಸೆಟಪ್ಪೂ ಅಷ್ಟೇಯ. ಕ್ಲೈಂಟ್‌ನ ಸೆಟ್ಟಿಂಗು, ಸ್ಟಾರ್ಟಪ್ ಎಂಟ್ರಿ ಎಲ್ಲಾ ಅಡ್ಮಿನ್ ಪ್ರೊಫೈಲ್‌ಗೆ ಹೋಗಿ ಕೂತ್ಕತದೆ. ಹುಡುಗನ ಕಡೆ ಕ್ಲೈಂಟ್ ಕಾಣಲ್ಲ, ಅಡ್ಮಿನ್ ಲಾಗಿನ್ ಆದಾಗೆಲ್ಲ ಎದ್ದು ಬರ್ತದೆ. ರನ್‌ಆ್ಯಸ್‌ಒರಿಜಿನಲ್‌ಯೂಸರ್ ಫ್ಲ್ಯಾಗ್ ಹಾಕಿದ್ರೆ ಸರಿಹೋಯ್ತದೆ. ಪೋಸ್ಟ್‌ಇನ್‌ಸ್ಟಾಲ್ ಎಂಟ್ರಿಗೆ ಅದು ತಾನಾಗೇ ಇರ್ತದೆ, ಮಿಕ್ಕಿದ್ದಕ್ಕೆ ನೀವೇ ಹಾಕ್ಬೇಕು. ರೈಟ್ ಕ್ಲಿಕ್ ಮಾಡಿ ಅಡ್ಮಿನ್ ಆಗಿ ಓಡ್ಸಿದ್ರೆ ಮಾತ್ರ ಆ ಫ್ಲ್ಯಾಗೂ ಕೆಲ್ಸ ಮಾಡಾಕಿಲ್ಲ.

ಬಿಲ್ಡ್_ಮೇಷ್ಟ್ರು

ಬೀಟಾ ಬಗ್ಗೆ ಹೇಳೋದು ಬಿಟ್ಟಿದ್ದೆ. ಸ್ಕ್ರಿಪ್ಟ್‌ನ ಟಾಸ್ಕ್ಸ್ ಸೆಕ್ಷನ್‌ನಲ್ಲಿ ಕ್ಲೈಂಟ್ ಸಾಲಿಗೆ ಟಿಕ್ ಖಾಲಿ ಬಿಡೋ ಅನ್‌ಚೆಕ್ಡ್ ಫ್ಲ್ಯಾಗ್ ಹಾಕಿದ ಕೂಡಲೇ ಕೆಲಸ ಮುಗಿಯಲ್ಲ. ಇನ್ನೋ ಸೆಟಪ್‌ನಲ್ಲಿ ಯೂಸ್‌ಪ್ರೀವಿಯಸ್‌ಟಾಸ್ಕ್ಸ್ ಅನ್ನೋದು ಡಿಫಾಲ್ಟ್ ಆಗಿ ಆನ್. ಆ್ಯಪ್ ಐಡಿ ಅದೇ ಇದ್ದರೆ ಸೆಟಪ್ ಶುರುವಾದಾಗ ರಿಜಿಸ್ಟ್ರಿಯ (ವಿಂಡೋಸ್ ಸೆಟ್ಟಿಂಗ್‌ಗಳನ್ನು ಇಡೋ ಜಾಗ) ಅನ್‌ಇನ್‌ಸ್ಟಾಲ್ ಕೀಲಿ ನೋಡಿ, ಹಿಂದಿನ ಸಲ ಯಾವ ಟಿಕ್ ಇತ್ತೋ ಅದನ್ನೇ ಎತ್ತಿ ತರುತ್ತೆ. ಬೀಟಾದಲ್ಲಿ ಟಿಕ್ ಬಿದ್ದಿದ್ದವರಿಗೆ ರಿಲೀಸ್ ಆವೃತ್ತಿ 1.0 ಓಡಿಸಿದಾಗಲೂ ಟಿಕ್ ಬಿದ್ದೇ ಕಾಣುತ್ತೆ, ಅವರು ಆಮೇಲೆ ಕ್ಲೈಂಟ್ ತೆಗೆದುಹಾಕಿದ್ದರೂ ಕೂಡ. ನಿಮ್ಮ ಹೊಸ ಮೆಷಿನ್ ಟೆಸ್ಟ್‌ನಲ್ಲಿ ಎಲ್ಲಾ ಸರಿ ಇರುತ್ತೆ, ದೂರು ಬರೋದು ನಿಮ್ಮ ಮೊದಲ ಅಭಿಮಾನಿಗಳಿಂದಲೇ.

ಸುಲಭ ದಾರಿ: ಟಾಸ್ಕ್‌ನ ಹೆಸರನ್ನೇ ಬದಲಾಯಿಸಿ, ಹಳೇ ನೆನಪು ತಾಗಲ್ಲ. ಅಥವಾ ಆ ಯೂಸ್‌ಪ್ರೀವಿಯಸ್‌ಟಾಸ್ಕ್ಸ್ ಅನ್ನೇ ನೋ ಮಾಡಿ, ಆದರೆ ಆಗ ಡೆಸ್ಕ್‌ಟಾಪ್ ಐಕಾನ್ ಥರದ ಬೇರೆ ಟಿಕ್‌ಗಳ ನೆನಪೂ ಹೋಗುತ್ತೆ. ಎನ್‌ಎಸ್‌ಐಎಸ್ ಅನ್ನೋ ಇನ್ನೊಂದು ಇನ್‌ಸ್ಟಾಲರ್ ಟೂಲ್ ಬಳಸೋರಿಗೆ ಸೆಕ್ಷನ್ ಪಕ್ಕ ಓರೆಗೀಟು-ಓ ಹಾಕಿದರೆ ಖಾಲಿ ಟಿಕ್.

ನಜರ್‌ಬಾದ್_ನಿಯಮ

ಕಾನೂನಿನ ಕಡೆಯಿಂದ ಸ್ವಲ್ಪ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳಲ್ಲಿ 4(9) ನೋಡಿ. ಖರೀದಿಗೆ ಗ್ರಾಹಕರ ಒಪ್ಪಿಗೆಯನ್ನು ಸ್ಪಷ್ಟ ಕ್ರಿಯೆಯ ಮೂಲಕವೇ ಪಡೆಯಬೇಕು, ಮೊದಲೇ ಟಿಕ್ ಹಾಕಿದ ಚೌಕದ ಮೂಲಕ ಪಡೆಯುವಂತಿಲ್ಲ. ಅದು ಖರೀದಿಯ ಮಾತು, ಪುಕ್ಕಟೆ ಕ್ಲೈಂಟ್‌ಗೆ ನೇರವಾಗಿ ಅನ್ವಯಿಸುತ್ತದೆ ಎಂದು ನಾನು ವಾದಿಸುವುದಿಲ್ಲ. ಆದರೆ 2023ರ ನವೆಂಬರ್ 30ರ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯಲ್ಲಿ ಹೆಸರಿಸಿರುವ 13 ಬಗೆಗಳಲ್ಲಿ ಬಲವಂತದ ಕ್ರಿಯೆ ಎಂಬುದೊಂದಿದೆ. ಒಂದು ಆ್ಯಪ್ ಬಳಸಲು ಸಂಬಂಧವಿಲ್ಲದ ಇನ್ನೊಂದು ಆ್ಯಪ್ ಹಾಕಿಕೊಳ್ಳುವಂತೆ ಮಾಡುವುದನ್ನು ಅಲ್ಲಿ ಉದಾಹರಣೆಯಾಗಿಯೇ ಕೊಟ್ಟಿದ್ದಾರೆ. ಮುಂದೊಂದು ದಿನ ಕಂಪನಿಯವರು "ಮಲ್ಟಿಪ್ಲೇಯರ್‌ಗೆ ನಮ್ಮ ಕ್ಲೈಂಟ್ ಕಡ್ಡಾಯ ಮಾಡಿ" ಎಂದರೆ ಇದು ನೆನಪಿರಲಿ.

ಹೆಚ್ಚು ಚಿಂತಿಸಬೇಕಾದದ್ದು ಡೇಟಾ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅವರ ಡೇಟಾಗೆ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು, ಅವರ ಮೇಲೆ ನಿಗಾ ಇಡುವುದು, ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದು ಕೂಡದು. ಚೌಕಾಬಾರ ಆಡುವವರಲ್ಲಿ ಮಕ್ಕಳೇ ಜಾಸ್ತಿ ಇರಬಹುದು. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ, ಮುಖ್ಯ ಹೊಣೆಗಳಿಗೆ 18 ತಿಂಗಳ ಗಡುವಿದೆ. ಕ್ಲೈಂಟ್ ಏನೇನು ಡೇಟಾ ಎತ್ತುತ್ತದೆ, ಯಾರ ಹೊಣೆ ಎಂಬುದನ್ನು ಒಪ್ಪಂದದಲ್ಲಿ ಬರೆಸಿಕೊಳ್ಳದೆ ಸಹಿ ಹಾಕಬೇಡಿ. ಡೇಟಾಗೆ ಒಪ್ಪಿಗೆ ಕೇಳುವ ಸೂಚನೆಯನ್ನು ಕನ್ನಡದಲ್ಲೂ ಓದುವ ಆಯ್ಕೆ ಬಳಕೆದಾರರಿಗೆ ಇರಬೇಕು, ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳೆಲ್ಲ ಅದರಲ್ಲಿ ಬರುತ್ತವೆ.

ಕುವೆಂಪುನಗರ_ಪಗಡೆ

ತುಂಬ ಉಪಕಾರ. ಕಂಪನಿಯವರ ಜೊತೆ ಮಾತಾಡಿದ್ವಿ. ಟಿಕ್ ಖಾಲಿ ಬಿಡೋಕೆ ಒಪ್ಪಿದ್ದಾರೆ, ಬೇರೆ ಫೈಲ್ ಅಂದರೆ ಮಾತ್ರ ಕಮಿಷನ್ 4 ರೂಪಾಯಿಗೆ ಇಳಿಸ್ತಾರಂತೆ. ಇನ್‌ಸ್ಟಾಲರ್ ಒಳಗೇ ಇಟ್ಟರೆ ಈ ಸಾಲು ಹಾಕಿ ಅಂತ ಕಳಿಸಿದ್ದಾರೆ: "ಉತ್ತಮ ಗೇಮಿಂಗ್ ಅನುಭವಕ್ಕಾಗಿ ಶಿಫಾರಸು ಮಾಡಲಾದ ಘಟಕಗಳನ್ನು ಸ್ಥಾಪಿಸಿ." ಇದು ನಡೆಯುತ್ತಾ? ಗೇಮ್ ಕೋಡ್ ಒಳಗೆ ಅವರ ಡಿಎಲ್‌ಎಲ್ (ಕ್ಲೈಂಟ್‌ನ ಕೋಡ್ ಇರೋ ಫೈಲ್) ಕರೆಯೋದೂ ಇದೆ, ಅದರಲ್ಲಿ ನೋಡಬೇಕಾದ್ದು ಏನಾದ್ರೂ?

ಕಾವೇರಿ_ಚೆಕ್‌ಸಮ್

ಆ ಸಾಲು ಬೇಡ. "ಘಟಕ" ಅಂದರೆ ಡೈರೆಕ್ಟ್‌ಎಕ್ಸ್ ಥರ ಗೇಮ್‌ಗೆ ಬೇಕಾದ್ದು ಅಂತ ಜನ ತಿಳೀತಾರೆ, ಟಿಕ್ ಹಾಕಿ ಆಮೇಲೆ ಬೈತಾರೆ. ಹೀಗೆ ಬರೀರಿ:

"ಇಂಥ ಕಂಪನಿಯ ಕ್ಲೈಂಟ್ ಕೂಡ ಹಾಕಿ. 160 ಎಂಬಿ, ಅಕೌಂಟ್ ತೆರೆಯಬೇಕು, ಕಂಪ್ಯೂಟರ್ ಆನ್ ಆದಾಗ ತಾನಾಗಿ ಶುರುವಾಗುತ್ತದೆ. ಕ್ಲೌಡ್ ಸೇವ್ ಮತ್ತು ಆಟೋ ಅಪ್‌ಡೇಟ್ ಇದರಿಂದ ಸಿಗುತ್ತದೆ. ಇದಿಲ್ಲದೆಯೂ ಆಟ ಪೂರ್ತಿ ನಡೆಯುತ್ತದೆ."

ಕೊನೇ ವಾಕ್ಯ ಕಿತ್ತುಹಾಕಿ ಅಂತ ಅವರು ಪಟ್ಟು ಹಿಡೀತಾರೆ ನೋಡ್ತಿರಿ. ಬಿಡಬೇಡಿ. ಸ್ಟಾರ್ಟಪ್‌ನಲ್ಲಿ ಎದ್ದೇಳೋದನ್ನ ಅವರು ನಿಲ್ಲಿಸಿದರೆ ಆ ಮಾತು ತೆಗೆಯಬಹುದು, ನಿಲ್ಲಿಸೋದೇ ಒಳ್ಳೇದು.

ಡಿಎಲ್‌ಎಲ್ ವಿಷಯ: ಯೂನಿಟಿಯಲ್ಲಿ ಇಂಥ ಡಿಎಲ್‌ಎಲ್ (ನೇಟಿವ್ ಪ್ಲಗಿನ್) ಸಿಗದಿದ್ದರೆ ಅದನ್ನು ಮೊದಲ ಸಲ ಕರೆದ ಜಾಗದಲ್ಲಿ ಎಕ್ಸೆಪ್ಷನ್, ಅಂದರೆ ಎರರ್ ಬೀಳುತ್ತೆ. ಆ ಕರೆ ಮೇನ್ ಮೆನು ಲೋಡ್ ಆಗೋ ಜಾಗದಲ್ಲಿದ್ದರೆ ಮೆನು ಅರ್ಧ ಬಂದು ನಿಲ್ಲುತ್ತೆ, ಗಿರಾಕಿಗೆ ಕಾಣೋದು ಖಾಲಿ ಪರದೆ. ಕ್ಲೈಂಟ್ ಐಚ್ಛಿಕ ಅಂತ ಹೇಳಿ ಅದಿಲ್ಲದೆ ಗೇಮ್ ಏಳದಿದ್ದರೆ ಮೋಸ ಮಾಡಿದ ಹಾಗೇ. ಎಲ್ಲಾ ಕರೆಗಳನ್ನೂ ಒಂದೇ ಕ್ಲಾಸ್‌ನಲ್ಲಿ ಸುತ್ತಿ, ಶುರುವಿನಲ್ಲಿ ಒಂದು ಸಲ ಪರೀಕ್ಷಿಸಿ, ಸಿಗದಿದ್ದರೆ ಸುಮ್ಮನೆ ಏನೂ ಮಾಡದ ಇನ್ನೊಂದು ಕ್ಲಾಸ್‌ಗೆ ಹೊರಳಿಸಿ. ಸೇವ್ ಮೊದಲು ಲೋಕಲ್ ಡಿಸ್ಕ್‌ಗೆ, ಅಂದರೆ ಯೂನಿಟಿಯ ಮಾಮೂಲಿ ಲೋಕಲ್‌ಲೋ ಫೋಲ್ಡರ್‌ಗೆ ಬರೀಬೇಕು. ಕ್ಲೌಡ್‌ಗೆ ಹೋಗೋದು ಅದರ ನಕಲು.

ಟೆಸ್ಟ್‌ಗೆ ವಿಂಡೋಸ್ ಸ್ಯಾಂಡ್‌ಬಾಕ್ಸ್ (ವಿಂಡೋಸ್ ಒಳಗೇ ತೆರೆಯೋ ತಾತ್ಕಾಲಿಕ ಖಾಲಿ ವಿಂಡೋಸ್) ಸಾಕು, ಆದರೆ ಹೋಮ್ ಎಡಿಷನ್‌ನಲ್ಲಿ ಅದು ಇಲ್ಲ, ಪ್ರೋ ಬೇಕು. ಇನ್‌ಸ್ಟಾಲ್‌ಗೆ ಮೊದಲು, ತಾನಾಗಿ ಶುರುವಾಗೋ ಪ್ರೋಗ್ರಾಮ್‌ಗಳನ್ನು ಪಟ್ಟಿ ಮಾಡೋ ಆಟೋರನ್ಸ್ ಓಡಿಸಿ ಸೇವ್ ಮಾಡ್ಕೊಳ್ಳಿ, ಆದ ಮೇಲೆ ಇನ್ನೊಮ್ಮೆ ಓಡಿಸಿ ಹೋಲಿಸಿ. ಟಿಕ್ ಖಾಲಿ ಇದ್ದಾಗ ಹೊಸ ಸರ್ವಿಸ್, ಶೆಡ್ಯೂಲ್ಡ್ ಟಾಸ್ಕ್, ಸ್ಟಾರ್ಟಪ್ ಎಂಟ್ರಿ ಒಂದೂ ಇರಬಾರದು. ರಿಲೀಸ್ ಆಗದ ಬಿಲ್ಡನ್ನು ವೈರಸ್ ಪರೀಕ್ಷಿಸೋ ಸೈಟು ವೈರಸ್‌ಟೋಟಲ್‌ಗೆ ಏರಿಸೋ ಮುಂಚೆ ಯೋಚಿಸಿ, ಅಲ್ಲಿಗೆ ಹಾಕಿದ ಫೈಲ್ ಸೆಕ್ಯುರಿಟಿ ಕಂಪನಿಗಳ ಕೈಗೂ ಸಿಗುತ್ತೆ.

ಹಾಗೇ ಅವರು ಕೊಟ್ಟ ಕ್ಲೈಂಟ್ ಫೈಲನ್ನ ಕಣ್ಣುಮುಚ್ಚಿ ಸಹಿ ಮಾಡಬೇಡಿ. 2018ರ ಫೆಬ್ರವರಿಯಲ್ಲಿ ಫ್ಲೈಟ್‌ಸಿಮ್‌ಲ್ಯಾಬ್ಸ್ ಅನ್ನೋರ ವಿಮಾನದ ಆ್ಯಡ್-ಆನ್ ಇನ್‌ಸ್ಟಾಲರ್ ಒಳಗೆ ಕ್ರೋಮ್ ಪಾಸ್‌ವರ್ಡ್ ಎತ್ತೋ ಒಂದು ಫೈಲ್ ಸಿಕ್ತು. ಪೈರಸಿ ಮಾಡೋರನ್ನ ಹಿಡಿಯೋಕೆ ಅಂತ ಹೇಳ್ಕೊಂಡರು, ಆದರೆ ದುಡ್ಡು ಕೊಟ್ಟವರ ಮೆಷಿನ್‌ಗೂ ಅದು ಹೋಗಿತ್ತು.

ಎಚ್‌ಡಿಕೋಟೆ_ಪಿಕ್ಸೆಲ್

4 ರೂಪಾಯಿ ಲೆಕ್ಕ ನೋಡಿ ಒಪ್ಪಿದೆ. ಖಾಲಿ ಟಿಕ್‌ನಲ್ಲಿ ನೂರಕ್ಕೆ 5 ಜನ ಅಂದರೆ 12ರ ಲೆಕ್ಕದಲ್ಲಿ 60 ರೂಪಾಯಿ, 4ರ ಲೆಕ್ಕದಲ್ಲಿ 20. ನೂರು ಕಾಪಿಗೆ 40 ರೂಪಾಯಿ ವ್ಯತ್ಯಾಸಕ್ಕೆ ಡಿಫೆಂಡರ್ ಜೊತೆ ಗುದ್ದಾಡೋದು ಯಾಕೆ. ಬೇರೆ ಫೈಲೇ ಮಾಡಿ. ಒಂದು ಪ್ರಶ್ನೆ ಉಳೀತು: ಬೀಟಾದಲ್ಲಿ ಕ್ಲೈಂಟ್ ಹಾಕಿಸಿಕೊಂಡವರ ಮೆಷಿನ್‌ನಿಂದ ಅದನ್ನ 1.0 ತಾನೇ ತೆಗೀಬಹುದಾ?

ಬಿಲ್ಡ್_ಮೇಷ್ಟ್ರು

ತೆಗೀಬೇಡಿ. ಅದೇ ಕ್ಲೈಂಟಲ್ಲಿ ಅವರು ಬೇರೆ ಗೇಮ್ ಇಟ್ಕೊಂಡಿರಬಹುದು, ನಿಮ್ಮ ಇನ್‌ಸ್ಟಾಲರ್‌ಗೆ ಅದು ಗೊತ್ತಾಗಲ್ಲ. ಕ್ಲೈಂಟ್ ತನ್ನದೇ ಸೆಟಪ್ ಮೂಲಕ ಕೂತಿದ್ದರೆ ಇನ್ನೋದ ಅನ್‌ಇನ್‌ಸ್ಟಾಲರ್ ಅದನ್ನ ಮುಟ್ಟೋದೂ ಇಲ್ಲ, ಸೆಟ್ಟಿಂಗ್ಸ್‌ನ ಇನ್‌ಸ್ಟಾಲ್ಡ್ ಆ್ಯಪ್ಸ್ ಪಟ್ಟಿಯಲ್ಲಿ ಬೇರೆ ಸಾಲಾಗಿ ಇರುತ್ತೆ. ಅನ್‌ಇನ್‌ಸ್ಟಾಲ್‌ರನ್ ಸೆಕ್ಷನ್‌ನಲ್ಲಿ ಸದ್ದಿಲ್ಲದೆ ಅದನ್ನು ಕಿತ್ತುಹಾಕೋ ಸಾಲು ಸೇರಿಸಿದರೆ ಇನ್ನೊಂದು ಗೇಮ್ ಕೆಟ್ಟ ದೂರು ನಿಮಗೇ ಬರುತ್ತೆ.

1.0 ಇನ್‌ಸ್ಟಾಲ್ ಮುಗಿದಾಗ ಕ್ಲೈಂಟ್‌ನ ಅನ್‌ಇನ್‌ಸ್ಟಾಲ್ ಕೀಲಿ ರಿಜಿಸ್ಟ್ರಿಯಲ್ಲಿ ಇದೆಯಾ ನೋಡಿ. 32 ಬಿಟ್, 64 ಬಿಟ್ ಎರಡೂ ಕಡೆ ನೋಡಿ, ಆ ಬಳಕೆದಾರರ ಕೀಲಿಯಲ್ಲೂ ನೋಡಿ. ಇದ್ದರೆ ಒಂದೇ ಒಂದು ಸಂದೇಶ: "ಬೀಟಾ ಜೊತೆ ಬಂದ ಕ್ಲೈಂಟ್ ಈ ಕಂಪ್ಯೂಟರಿನಲ್ಲಿದೆ. ಈ ಆಟಕ್ಕೆ ಅದು ಬೇಕಿಲ್ಲ. ತೆಗೆಯಬೇಕಾದರೆ ಇಲ್ಲಿ ಒತ್ತಿ." ಗುಂಡಿ ಒತ್ತಿದರೆ ಇನ್‌ಸ್ಟಾಲ್ಡ್ ಆ್ಯಪ್ಸ್ ಪೇಜ್ ತೆರೆದರೆ ಸಾಕು. ಸೈಲೆಂಟ್ ಓಟದಲ್ಲಿ ಈ ಸಂದೇಶ ಬರದ ಹಾಗೆ ನೋಡ್ಕೊಳ್ಳಿ, ಇಲ್ಲದಿದ್ದರೆ ಸಕ್ಕರೆನಾಡಿನವರ 20 ಮೆಷಿನ್ನೂ ಓಕೆ ಒತ್ತೋವರೆಗೆ ಕಾಯ್ತಾ ನಿಂತಿರುತ್ತವೆ.